ಅಟಾಕ್ಸಿಯಾ ಇರುವವರಿಗೆ ನಾಲ್ಕು ಚಕ್ರದ ವಾಕರ್: ಅಕ್ಕ ಒಂದು ವರ್ಷ ಬಳಸಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ಈ ವಾಕರ್ ಒಳ್ಳೆಯದು. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಅಟಾಕ್ಸಿಯಾ (ಮೈಯ ಚಲನೆಯ ಹಿಡಿತ ತಪ್ಪುವ ತೊಂದರೆ) ಇರುವವರ ಕೈಗೆ ಕೊಡುವಂಥದ್ದಲ್ಲ. ಬ್ರೇಕ್ ಬಿಗಿ ಮಾಡಬೇಕು, ಕೆಳಗೆ ಭಾರ ಕೂರಿಸಬೇಕು, ಹಿಡಿಯ ಎತ್ತರ ನೋಡಬೇಕು. ಅಷ್ಟು ಮಾಡಿದರೆ 5ಕ್ಕೆ 4 ಕೊಡುತ್ತೇನೆ. ಮಾಡದೇ ಇದ್ದರೆ 2 ಕೊಡುವುದೂ ಕಷ್ಟ.

ಹಾಸನದಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಅಪ್ಪನ ಕಾಲದಿಂದ ಇದೆ. ಚಕ್ರ, ಬ್ರೇಕು, ವೈರು, ಬೇರಿಂಗು ಇವುಗಳ ನಡುವೆಯೇ ನನ್ನ ದಿನ ಕಳೆಯುವುದು. ಡಾಕ್ಟರ್ ಓದಿದವನಲ್ಲ. ಆದರೆ ಅಕ್ಕನ ಜೊತೆ ಆಸ್ಪತ್ರೆಗೆ ಓಡಾಡಿ, ಡಾಕ್ಟರನ್ನೂ ಫಿಸಿಯೋ ಮೇಡಂ ಅವರನ್ನೂ ಕೇಳಿ ಕೇಳಿ ತಿಳಿದುಕೊಂಡದ್ದು ಇದೆ. ಈ ವಾಕರ್ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದೆಲ್ಲ ಮಾರುವವರ ಮಾತೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಕ್ಕನಿಗೆ ಇರುವುದು ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ, ಅದರಲ್ಲಿ 2ನೇ ಬಗೆ. ರಿಪೋರ್ಟಿನಲ್ಲಿ ಎಸ್‌ಸಿಎ 2 ಎಂದು ಬರೆದಿರುತ್ತಾರೆ. ಶುರುವಾದದ್ದು ಕೈಯಿಂದ. ಅಕ್ಕ ಹೂ ಕಟ್ಟುವುದರಲ್ಲಿ ಎತ್ತಿದ ಕೈ. ಮಲ್ಲಿಗೆ ಮೊಗ್ಗು ಎರಡು ಈ ಕಡೆ, ಎರಡು ಆ ಕಡೆ ಇಟ್ಟು, ಮಾತಾಡುತ್ತಲೇ ಮಾರುಗಟ್ಟಲೆ ಕಟ್ಟಿಬಿಡುತ್ತಿದ್ದಳು. ಒಂದು ಶ್ರಾವಣದಲ್ಲಿ ನೋಡಿದರೆ ದಾರದ ಕುಣಿಕೆ ಮೊಗ್ಗಿಗೆ ಬೀಳದೆ ಪಕ್ಕಕ್ಕೆ ಬೀಳುತ್ತಿತ್ತು. ಬೆರಳಿಗೆ ನೋವಿಲ್ಲ, ಜೋಮಿಲ್ಲ, ಬಲ ಕಡಿಮೆಯಾಗಿಲ್ಲ. ಮುಟ್ಟಬೇಕಾದ ಜಾಗ ಮಾತ್ರ ತಪ್ಪುತ್ತಿತ್ತು. ಆಮೇಲೆ ಬೀಗಕ್ಕೆ ಕೀಲಿಕೈ ಹಾಕಲು ತಡಕಾಡತೊಡಗಿದಳು. ಆಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದಳು.

ಅಟಾಕ್ಸಿಯಾ ಅಂದರೆ ಇದೇ. ಮೈಯ ಚಲನೆಯ ಮೇಲಿನ ಹಿಡಿತ ತಪ್ಪುವುದು. ಇದು ಲಕ್ವ ಅಲ್ಲ. ಲಕ್ವದಲ್ಲಿ ಕೈಕಾಲಿನ ಶಕ್ತಿಯೇ ಹೋಗಿರುತ್ತದೆ. ಅಟಾಕ್ಸಿಯಾದಲ್ಲಿ ಶಕ್ತಿ ಇರುತ್ತದೆ, ಅಂಕೆ ಇರುವುದಿಲ್ಲ. ತಲೆಯ ಹಿಂಭಾಗದಲ್ಲಿ ಕೆಳಗೆ ಕಿರುಮೆದುಳು ಅಂತ ಇದೆ. ಗಾತ್ರದಲ್ಲಿ ಇಡೀ ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ ಮೆದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇವೆ. ಯಾವ ಸ್ನಾಯು ಯಾವಾಗ, ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕ ಅದರದ್ದು. ಸೈಕಲ್ ಚಕ್ರದಲ್ಲಿ ರಿಮ್ಮು ಗಟ್ಟಿ ಇದ್ದು, ಕಡ್ಡಿಗಳೂ ಗಟ್ಟಿ ಇದ್ದು, ಕಡ್ಡಿಗಳ ಬಿಗಿ ಮಾತ್ರ ಒಂದೇ ಸಮ ಇಲ್ಲದಿದ್ದರೆ ಚಕ್ರ ಆ ಕಡೆ ಈ ಕಡೆ ಓಲಾಡುತ್ತದಲ್ಲ, ಅಕ್ಕನ ನಡಿಗೆಯೂ ಹಾಗಾಗಿದೆ. ಕಾಲು ಅಗಲಿಸಿ ನಿಲ್ಲುತ್ತಾಳೆ, ಹೆಜ್ಜೆ ಒಂದು ಉದ್ದ ಒಂದು ಗಿಡ್ಡ, ತಿರುಗುವಾಗ ಆಯ ತಪ್ಪುತ್ತಾಳೆ.

ಈ ಒಂದು ವಿಷಯ ತಲೆಗೆ ಹೋದರೆ ವಾಕರ್ ಆರಿಸುವುದು ಅರ್ಧ ಮುಗಿದಂತೆ. ಅಂಗಡಿಯಲ್ಲಿ ಇಟ್ಟಿರುವ ವಾಕರ್‌ಗಳಲ್ಲಿ ಹೆಚ್ಚಿನವು ಶಕ್ತಿ ಕಡಿಮೆಯಾದವರಿಗೆ, ಮಂಡಿ ನೋವಿನವರಿಗೆ, ಮೂಳೆ ಮುರಿದು ಆಪರೇಷನ್ ಆದವರಿಗೆ ಮಾಡಿದವು. ಅವರಿಗೆ ಹಗುರ ಇದ್ದಷ್ಟೂ ಒಳ್ಳೆಯದು. ಮಾರುವವರೂ ಅದನ್ನೇ ಹೊಗಳುತ್ತಾರೆ, "ಒಂದು ಬೆರಳಲ್ಲಿ ಎತ್ತಬಹುದು ನೋಡಿ ಸಾರ್" ಅಂತ. ಅಟಾಕ್ಸಿಯಾದವರಿಗೆ ಅದೇ ತೊಂದರೆ. ಕೈ ತಾನಾಗಿ ಅತ್ತಿತ್ತ ಹೋದರೆ ಹಗುರದ ವಾಕರ್ ಕೈಯ ಜೊತೆಗೇ ಹೋಗುತ್ತದೆ.

ಅಕ್ಕ ಮೊದಲು ಬಳಸಿದ್ದು ಹಾಗಿನದೇ. ಅಲ್ಯೂಮಿನಿಯಂ ಪೈಪಿನದು, ಚಕ್ರ ಇಲ್ಲದ್ದು. ಎತ್ತಿ ಮುಂದಿಡಬೇಕು, ಆಮೇಲೆ ಹೆಜ್ಜೆ ಹಾಕಬೇಕು. ಎತ್ತಿದ ಆ ಗಳಿಗೆಯಲ್ಲಿ ಅವಳಿಗೆ ಆಸರೆಯೇ ಇಲ್ಲ. ಇಡುವಾಗ ನಾಲ್ಕು ಕಾಲೂ ಒಟ್ಟಿಗೆ ನೆಲಕ್ಕೆ ತಾಗುತ್ತಿರಲಿಲ್ಲ. ಒಂದು ಕಾಲು ಮೊದಲು ಕುಕ್ಕಿ, ವಾಕರ್ ಓರೆಯಾಗಿ, ಅವಳೂ ಅದರ ಜೊತೆ ವಾಲಿಬಿಡುತ್ತಿದ್ದಳು. ಭಾವ ಪಕ್ಕದಲ್ಲೇ ಇದ್ದು ಹಿಡಿಯುತ್ತಿದ್ದರು. ಬಲಗೈ ಮಣಿಕಟ್ಟಿಗೆ ಪೆಟ್ಟಾದ ಮೇಲೆ ಅದನ್ನು ಮೂಲೆಗಿಟ್ಟೆವು. ಅದನ್ನು ಮಾರಿದ ಅಂಗಡಿಯವರು ಏನು ಕಾಯಿಲೆ ಅಂತ ಒಂದು ಮಾತೂ ಕೇಳಿರಲಿಲ್ಲ.

ಕೋಲು ಯಾಕೆ ಆಗಲ್ಲ ಅಂತ ಕೆಲವರು ಕೇಳುತ್ತಾರೆ. ಕೋಲನ್ನು ಪ್ರತಿ ಹೆಜ್ಜೆಗೂ ಸರಿಯಾದ ಜಾಗಕ್ಕೆ ಊರಬೇಕು. ಜಾಗ ತಪ್ಪುವುದೇ ಕಾಯಿಲೆ ಆದಾಗ ಕೋಲು ಕಾಲಿಗೇ ತೊಡರುತ್ತದೆ.

ನಾಲ್ಕು ಚಕ್ರದ್ದನ್ನು ನೋಡಿ ಅಂದದ್ದು ಫಿಸಿಯೋ ಮೇಡಂ. ಇದನ್ನು ರೋಲೇಟರ್ ಅನ್ನುತ್ತಾರೆ. ಎತ್ತುವ ಕೆಲಸ ಇಲ್ಲ, ತಳ್ಳಿಕೊಂಡು ಹೋಗುವುದು. ನಾಲ್ಕೂ ಚಕ್ರ ಯಾವಾಗಲೂ ನೆಲದಲ್ಲೇ ಇರುತ್ತವೆ. ಮುಂದಿನ ಎರಡು ಚಕ್ರ ಸುತ್ತ ತಿರುಗುತ್ತವೆ, ಹಿಂದಿನ ಎರಡು ನೇರ. ನಡುವೆ ಕೂರಲು ಒಂದು ಸೀಟು, ಕೆಳಗೆ ಬುಟ್ಟಿ, ಹಿಡಿಗಳಲ್ಲಿ ಬ್ರೇಕ್ ಲಿವರ್. ನಾವು ಕೊಟ್ಟದ್ದು 7,000 ರೂಪಾಯಿ ಆಸುಪಾಸು. ಕಂಪನಿ ಹೆಸರು ಬೇಕಿಲ್ಲ. ಇದೇ ಮಾದರಿಯದು ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಎಲ್ಲ ಕಡೆ ಸಿಗುತ್ತದೆ.

ಈಗ ಬ್ರೇಕಿನ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಬೀಳುವುದೂ ಉಳಿಯುವುದೂ ಇಲ್ಲೇ.

ಲಿವರನ್ನು ಮೇಲಕ್ಕೆ ಹಿಂಡಿದರೆ ವಾಕರ್ ನಿಧಾನವಾಗುತ್ತದೆ. ಕೆಳಕ್ಕೆ ಒತ್ತಿದರೆ ಲಾಕ್ ಆಗಿ ನಿಲ್ಲುತ್ತದೆ. ಲಿವರಿನಿಂದ ಹೊರಟ ವೈರು ಹಿಂದಿನ ಚಕ್ರದ ಹತ್ತಿರ ಒಂದು ಸಣ್ಣ ತಗಡಿನ ನಾಲಿಗೆಗೆ ಸೇರುತ್ತದೆ. ಆ ನಾಲಿಗೆ ನೇರವಾಗಿ ಟೈರಿನ ಮೈಗೆ ಒತ್ತುತ್ತದೆ. ಸೈಕಲ್ಲಿನಲ್ಲಿ ರಿಮ್ಮನ್ನು ಹಿಡಿಯುವ ರಬ್ಬರ್ ಇರುತ್ತದೆ, ಇಲ್ಲಿ ಅದೂ ಇಲ್ಲ. ಅಂದರೆ ಟೈರು ಒದ್ದೆಯಾದರೆ ಬ್ರೇಕ್ ಜಾರುತ್ತದೆ, ಟೈರು ಸವೆದರೆ ನಾಲಿಗೆ ತಲುಪುವುದೇ ಇಲ್ಲ. ಹೊಸದರಲ್ಲೇ ನಮ್ಮ ವಾಕರಿನ ಎಡಗಡೆ ವೈರು ಸಡಿಲ ಇತ್ತು. ಲಿವರನ್ನು ಪೂರ್ತಿ ಹಿಂಡಿದ ಮೇಲೆ ಹಿಡಿಯುತ್ತಿತ್ತು. ಬಲಗಡೆಯದು ಬೇಗ ಹಿಡಿಯುತ್ತಿತ್ತು. ಎರಡೂ ಸಮ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ವಾಕರ್ ಒಂದು ಕಡೆಗೆ ತಿರುಗುತ್ತದೆ. ನಮಗಾದರೆ ಸರಿಪಡಿಸಿಕೊಳ್ಳುತ್ತೇವೆ. ಅಕ್ಕ ಆ ತಿರುವಿನ ಜೊತೆಗೇ ಹೋಗುತ್ತಾಳೆ.

ವೈರಿನ ಕೊನೆಯಲ್ಲಿ ತಿರುಗಿಸುವ ಒಂದು ಸಣ್ಣ ನಟ್ಟು ಇರುತ್ತದೆ, ಅದರ ಹಿಂದೆ ಲಾಕ್ ನಟ್ಟು. ಸೈಕಲ್ ಬ್ರೇಕ್ ಬಿಗಿ ಮಾಡಿದವರಿಗೆಲ್ಲ ಗೊತ್ತು. ಲಾಕ್ ನಟ್ಟು ಸಡಿಲಿಸಿ, ಸಣ್ಣ ನಟ್ಟನ್ನು ಹೊರಕ್ಕೆ ತಿರುಗಿಸಿದರೆ ವೈರು ಬಿಗಿಯಾಗುತ್ತದೆ. ಎರಡೂ ಕಡೆ ಸಮ ಮಾಡಿದೆ. ಆಮೇಲೆ ಇನ್ನೂ ಸ್ವಲ್ಪ ಬಿಗಿ ಮಾಡಿ, ಲಿವರ್ ಮುಟ್ಟದೆ ಇದ್ದಾಗಲೂ ನಾಲಿಗೆ ಟೈರಿಗೆ ಸಣ್ಣಗೆ ಉಜ್ಜುವ ಹಾಗೆ ಇಟ್ಟೆ. ತಳ್ಳಿದರೆ ಹೋಗಬೇಕು, ಆದರೆ ಓಡಬಾರದು. ಸೈಕಲ್ಲಿನಲ್ಲಿ ಹೀಗೆ ಉಜ್ಜಿದರೆ ಗಿರಾಕಿ ಬೈಯುತ್ತಾರೆ, ಇಲ್ಲಿ ಅದೇ ಬೇಕು. ಫಿಸಿಯೋ ಮೇಡಂಗೆ ತೋರಿಸಿದಾಗ ಒಪ್ಪಿದರು. ಅಟಾಕ್ಸಿಯಾದವರಿಗೆ ಹೀಗೆ ತಡೆದು ತಡೆದು ಹೋಗುವ ಚಕ್ರವೇ ಒಳ್ಳೆಯದಂತೆ. ಹಾಗೆ ನಿಧಾನ ಮಾಡುವ ಬ್ರೇಕನ್ನು ಕಂಪನಿಯವರೇ ಕೊಡುವ ಮಾದರಿಗಳೂ ಇವೆ. ಬ್ರೇಕ್ ಯಾವಾಗಲೂ ಹಿಡಿದೇ ಇದ್ದು, ಲಿವರ್ ಹಿಂಡಿದಾಗ ಮಾತ್ರ ಬಿಡುವ ಮಾದರಿಯೂ ಹೊರದೇಶದಲ್ಲಿ ಮಾಡುತ್ತಾರೆ. ಕೈ ಬಿಟ್ಟರೆ ತಾನೇ ನಿಲ್ಲುತ್ತದೆ. ನನ್ನ ಪ್ರಕಾರ ಅಟಾಕ್ಸಿಯಾಕ್ಕೆ ಸರಿಯಾದ ಬ್ರೇಕ್ ಅದೇ. ಅದು ನಮ್ಮ ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ, ತರಿಸುವುದು ನಮ್ಮ ಕೈಗೆ ಎಟುಕುವ ಬೆಲೆಯೂ ಅಲ್ಲ. ನಾನು ಕಳೆದಿರುವ ಒಂದು ಅಂಕ ಈ ಬ್ರೇಕಿಗೇ.

ಲಿವರಿನ ಇನ್ನೊಂದು ತೊಂದರೆ, ಅದು ಹಿಡಿಯಿಂದ ತುಂಬ ದೂರ ಇದೆ. ಅಕ್ಕ ಬೆರಳು ಚಾಚಿದರೆ ಲಿವರ್ ಬಿಟ್ಟು ಗಾಳಿ ಹಿಡಿಯುತ್ತಿದ್ದಳು. ಲಿವರಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ಟ್ಯೂಬು ಕತ್ತರಿಸಿ ಸುತ್ತಿದೆ. ಈಗ ಅದು ದಪ್ಪಗಿದೆ, ಬೆರಳಿಗೆ ಬೇಗ ಸಿಗುತ್ತದೆ. ಕೆಂಪು ಟ್ಯೂಬು ಹಾಕಿದೆ, ಕಣ್ಣಿಗೂ ಬೀಳಲಿ ಅಂತ. ಎಸ್‌ಸಿಎ 2 ಇರುವವರಲ್ಲಿ ಕಣ್ಣಿನ ಗುಡ್ಡೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವುದೂ ನಿಧಾನ. ಅಕ್ಕನ ಕಣ್ಣು ನೋಡಿಯೇ ಡಾಕ್ಟರ್ ಈ ಬಗೆ ಇರಬಹುದು ಅಂತ ಮೊದಲು ಊಹಿಸಿದ್ದು.

ಭಾರದ ವಿಷಯ. ಈ ವಾಕರ್ ಸುಮಾರು 7 ಕೆ.ಜಿ. ಇದೆ. ಅಕ್ಕನಿಗೆ ಅದು ಸಾಲದು. ದಪ್ಪ ಕ್ಯಾನ್ವಾಸಿನ ಎರಡು ಚೀಲ ಹೊಲಿಸಿ, ಒಳಗೆ ಒಣ ಮರಳು ತುಂಬಿ, ಸೀಟಿನ ಕೆಳಗೆ ಅಡ್ಡಪಟ್ಟಿಯ ಎರಡು ತುದಿಗೆ ಒಂದೊಂದು ಕಟ್ಟಿದೆ. ಆದಷ್ಟೂ ನೆಲಕ್ಕೆ ಹತ್ತಿರ ಇರಬೇಕು, ಎಡಬಲ ಸಮ ತೂಗಬೇಕು. ಎಷ್ಟು ಭಾರ ಅನ್ನುವುದನ್ನು ಫಿಸಿಯೋ ಮೇಡಂ ಅಕ್ಕನನ್ನು ನಡೆಸಿ ನೋಡಿಯೇ ಹೇಳಿದರು. ಮೊದಲು ಕಡಿಮೆ ಹಾಕಿ, ನೋಡಿ, ಇನ್ನಷ್ಟು ಹಾಕಿದೆವು. ಜಾಸ್ತಿ ಆದರೆ ತಳ್ಳುವುದಕ್ಕೇ ಸುಸ್ತಾಗುತ್ತದೆ, ಸುಸ್ತಾದರೆ ಓಲಾಟವೂ ಜಾಸ್ತಿ. ನಿಮ್ಮ ಮನೆಯವರಿಗೆ ನಿಮ್ಮ ಫಿಸಿಯೋ ಹತ್ತಿರವೇ ಕೇಳಿ, ನಮ್ಮ ಲೆಕ್ಕ ನಿಮಗೆ ಬರುವುದಿಲ್ಲ. ಹಿಡಿಗೆ ಮಾತ್ರ ಚೀಲ, ತರಕಾರಿ ಬ್ಯಾಗು ಏನನ್ನೂ ನೇತುಹಾಕಬೇಡಿ. ಮೇಲ್ಗಡೆ ಭಾರ ಬಿದ್ದರೆ ವಾಕರ್ ಮಗುಚುತ್ತದೆ.

ಚಕ್ರ 8 ಇಂಚಿನದೇ ತೆಗೆದುಕೊಳ್ಳಿ. 6 ಇಂಚಿನದು ಸ್ವಲ್ಪ ಅಗ್ಗ, ಅಂಗಡಿ ಟೈಲ್ಸಿನ ಮೇಲೆ ಬೆಣ್ಣೆಯ ಹಾಗೆ ಹೋಗುತ್ತದೆ. ನಮ್ಮ ಮನೆ ಮುಂದಿನ ಚಪ್ಪಡಿ ಕಲ್ಲಿನ ಸಂದಿಗೆ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. ವಾಕರ್ ನಿಂತು ಅಕ್ಕ ಮುಂದೆ ಹೋದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಮುಂದಿನ ಚಕ್ರದ ಫೋರ್ಕಿನ ಬೇರಿಂಗಿಗೆ ಕೂದಲು, ದಾರ ಸುತ್ತಿಕೊಳ್ಳುತ್ತದೆ. ಆಗಾಗ ಬಿಚ್ಚಿ ತೆಗೆದು ಗ್ರೀಸು ಹಾಕುತ್ತೇನೆ. ಹೂ ಕಟ್ಟುವ ಮನೆ ಆದ್ದರಿಂದ ದಾರ ಜಾಸ್ತಿ. ಈಗ ಅಕ್ಕನ ಮಗಳು ಕಟ್ಟುತ್ತಾಳೆ, ಅಕ್ಕ ಮೊಗ್ಗು ಆರಿಸಿ ಕೊಡುತ್ತಾಳೆ.

ಹಿಡಿಯ ಎತ್ತರಕ್ಕೆ ಒಂದು ಸುಲಭದ ಅಳತೆ ಇದೆ. ಮನೆಯಲ್ಲಿ ಯಾವ ಚಪ್ಪಲಿ ಹಾಕಿ ನಡೆಯುತ್ತಾರೋ ಅದನ್ನೇ ಹಾಕಿಸಿ ನೆಟ್ಟಗೆ ನಿಲ್ಲಿಸಿ, ಕೈ ಜೋತುಬಿಡಲು ಹೇಳಿ. ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಹಿಡಿ. ಹಿಡಿದಾಗ ಮೊಣಕೈ ಚೂರು ಬಾಗಿರಬೇಕು. ಹೆದರಿಕೆಯಿಂದ ಅಕ್ಕ ಎತ್ತರ ಮಾಡು ಅನ್ನುತ್ತಿದ್ದಳು. ಎತ್ತರವಾದರೆ ಭುಜ ಮೇಲೇರಿ ಕೈಯ ನಡುಕ ಜಾಸ್ತಿಯಾಗುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿಸಿ.

ಮನೆಗೆ ತಂದ ಮೇಲೆ ಎದುರಾದದ್ದು ಬಾಗಿಲು. ವಾಕರಿನ ಅಗಲ ಸುಮಾರು 24 ಇಂಚು. ನಮ್ಮದು ಹಳೇ ಮನೆ, ಬಚ್ಚಲ ಬಾಗಿಲು ಎರಡಡಿ ಸಹ ಇಲ್ಲ. ಬಚ್ಚಲಿನ ಹೊರಗೆ ವಾಕರ್ ಲಾಕ್ ಮಾಡಿ, ಅಲ್ಲಿಂದ ಗೋಡೆಗೆ ಕೂರಿಸಿದ ಸ್ಟೀಲ್ ಪೈಪು ಹಿಡಿದು ಒಳಗೆ ಹೋಗುವ ಹಾಗೆ ಮಾಡಿದೆವು. ಪೈಪಿಗೆ ನಾಲ್ಕು ಕಡೆ ಬೋಲ್ಟು ಹೊಡೆದು, ನಾನೇ ಜೋತುಬಿದ್ದು ನೋಡಿದ್ದೇನೆ. ಗಾಳಿ ಎಳೆದು ಅಂಟಿಸುವ ರಬ್ಬರ್ ಹಿಡಿಗಳು ಅಗ್ಗಕ್ಕೆ ಸಿಗುತ್ತವೆ. ದಯವಿಟ್ಟು ಅವನ್ನು ನಂಬಬೇಡಿ. ಒದ್ದೆ ಗೋಡೆಯಲ್ಲಿ ಕಿತ್ತು ಬರುತ್ತವೆ.

ಆಮೇಲೆ ಹೊಸಿಲು. ಅರಿಶಿನ ಕುಂಕುಮ ಇಡುವ ಹೊಸಿಲು, ಕೀಳಿಸುವ ಮಾತನ್ನು ಅಕ್ಕ ಕೇಳಲೇ ಇಲ್ಲ. "ಹೊಸಿಲು ಕಿತ್ತು ನನ್ನ ನಡೆಸಬೇಡ ಕಣೋ" ಅಂದಳು. ನನಗೂ ಅದು ಸರಿ ಅನ್ನಿಸಿತು. ಬಡಗಿ ಹತ್ತಿರ ಎರಡೂ ಬದಿಗೆ ಮರದ ಇಳಿಜಾರು ಮಾಡಿಸಿದೆವು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, ಇದು ಗಾಲಿಕುರ್ಚಿಯ ಇಳಿಜಾರಿಗೂ ಹೇಳುವ ಲೆಕ್ಕ. ನಮ್ಮ ಹೊಸಿಲು 2 ಇಂಚು, ಹಾಗಾಗಿ ಆ ಕಡೆ 2 ಅಡಿ, ಈ ಕಡೆ 2 ಅಡಿ. ಹಬ್ಬದ ದಿನ ಎತ್ತಿಟ್ಟು ಹೊಸಿಲಿಗೆ ರಂಗೋಲಿ ಹಾಕಬಹುದು.

ಬಳಸುವುದನ್ನು ಕಲಿಸಬೇಕು, ಸುಮ್ನೆ ಕೈಗೆ ಕೊಟ್ಟರೆ ಆಗುವುದಿಲ್ಲ. ಅಕ್ಕ ನೇರ ಹೋಗುವುದು ಬೇಗ ಕಲಿತಳು. ತಿರುಗುವುದು ಕಷ್ಟವಾಯಿತು. ನಾವೆಲ್ಲ ನಿಂತಲ್ಲೇ ಗಿರ್ರನೆ ತಿರುಗುತ್ತೇವೆ. ಅಟಾಕ್ಸಿಯಾದವರು ಹಾಗೆ ತಿರುಗಿದರೆ ಒಂದು ಕಾಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಬಸ್ಸು ತಿರುಗಿಸುವ ಹಾಗೆ ದೊಡ್ಡ ಸುತ್ತು ಹಾಕಿ, ಮೈ ಯಾವಾಗಲೂ ಎರಡು ಹಿಡಿಗಳ ನಡುವೆಯೇ ಇರಲಿ ಅಂತ ಮೇಡಂ ಕಲಿಸಿದರು. ಹಜಾರದ ನಡುವಿನ ಟೀಪಾಯಿ ಅಟ್ಟ ಸೇರಿತು.

ಸೀಟಿನ ಮೇಲೆ ಕೂರುವಾಗ ಮೊದಲು ಎರಡೂ ಬ್ರೇಕ್ ಕೆಳಗೊತ್ತಿ ಲಾಕ್ ಮಾಡಬೇಕು, ವಾಕರಿನ ಬೆನ್ನು ಗೋಡೆಗೆ ತಾಗಿರಬೇಕು. ಕೂತವರನ್ನು ಗಾಲಿಕುರ್ಚಿಯ ಹಾಗೆ ತಳ್ಳಿಕೊಂಡು ಹೋಗುವುದು ಬಲು ಅಪಾಯ. ಒಂದು ಸಲ ಮನೆಗೆ ಬಂದ ನೆಂಟರು ಪ್ರೀತಿಯಿಂದಲೇ ಹಾಗೆ ಮಾಡಲು ಹೋದರು, ಭಾವ ಓಡಿಬಂದು ತಡೆದರು. ಆ ಸೀಟು ನಿಂತ ಜಾಗದಲ್ಲಿ ದಣಿವಾರಿಸಿಕೊಳ್ಳಲು ಮಾತ್ರ.

ರಾತ್ರಿಗೆ ಮಂದ ಬಲ್ಬು ಬೇಕೇ ಬೇಕು. ಕಣ್ಣಿಗೆ ನೆಲ ಕಾಣದಿದ್ದರೆ ಅಕ್ಕನ ಓಲಾಟ ಜಾಸ್ತಿಯಾಗುತ್ತದೆ.

ವಾಕರ್ ಬೇಡ ಅಂತ ಅಕ್ಕ ತುಂಬ ದಿನ ಹಟ ಮಾಡಿದ್ದಳು, ಅದನ್ನೂ ಹೇಳಬೇಕು. ಅದಕ್ಕೆ ಕಾರಣ ಇತ್ತು. ಒಂದು ಮದುವೆಮನೆಯಲ್ಲಿ ಅವಳ ನಡಿಗೆ ನೋಡಿ, ತೊದಲುವ ಮಾತು ಕೇಳಿ, ಹಿಂದಿನ ಸಾಲಿನಲ್ಲಿ ಯಾರೋ ಕುಡಿದಿದ್ದಾಳೆ ಅಂದರು. ಅಕ್ಕನಿಗೆ ಕೇಳಿಸಿತು. ಆಮೇಲೆ ಎಲ್ಲಿಗೂ ಬರುತ್ತಿರಲಿಲ್ಲ. ಕಿರುಮೆದುಳಿಗೆ ಪೆಟ್ಟಾದವರೂ ಕುಡಿದವರೂ ಒಂದೇ ಥರ ತೂರಾಡುವುದು ನಿಜ, ಯಾಕೆಂದರೆ ಹೆಂಡ ಮಂಕು ಹಿಡಿಸುವುದೂ ಕಿರುಮೆದುಳಿಗೇ. ಆದರೆ ಒಂದು ಹನಿ ಮುಟ್ಟದವಳಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ವಾಕರ್ ಹಿಡಿದು ಹೊರಗೆ ಬಂದರೆ ಇನ್ನೂ ಜನ ನೋಡುತ್ತಾರೆ ಅಂತ ಅವಳ ಅಂಜಿಕೆ. ಆದದ್ದು ಬೇರೆ. ವಾಕರ್ ಕಂಡವರು ದಾರಿ ಬಿಡುತ್ತಾರೆ, ಕುರ್ಚಿ ಕೊಡುತ್ತಾರೆ, ಏನಾಗಿದೆ ಅಂತ ನೇರವಾಗಿ ಕೇಳುತ್ತಾರೆ. ಈಗ ಅವಳೇ ಹೇಳುತ್ತಾಳೆ, "ಅಟಾಕ್ಸಿಯಾ ಅಂತ. ಕೈಕಾಲು ಗಟ್ಟಿ ಇದಾವೆ, ಹೇಳಿದ ಮಾತು ಕೇಳಲ್ಲ." ಸಂಜೆ ದೇವಸ್ಥಾನದವರೆಗೆ ಹೋಗಿ ಬರುತ್ತಾಳೆ. ಭಾವ ಒಂದು ಹೆಜ್ಜೆ ಹಿಂದೆ, ಪಕ್ಕಕ್ಕೆ ಇರುತ್ತಾರೆ. ನನ್ನ ಲೆಕ್ಕದಲ್ಲಿ 7,000 ರೂಪಾಯಿ ಅಲ್ಲೇ ಬಂತು.

ಇದನ್ನು ಓದುವ ಕೆಲವರ ಮನೆಯಲ್ಲಿ ಇನ್ನೂ ಕಾಯಿಲೆಯ ಹೆಸರೇ ಗೊತ್ತಾಗಿರುವುದಿಲ್ಲ. ಅವರಿಗೆ ಒಂದು ಮಾತು. ವಾಕರ್ ಹುಡುಕುವ ಮುಂಚೆ ನರರೋಗದ ಡಾಕ್ಟರಿಗೆ ತೋರಿಸಿ. ಅಟಾಕ್ಸಿಯಾ ಅನ್ನುವುದು ಲಕ್ಷಣ, ಅದಕ್ಕೆ ಕಾರಣ ಹತ್ತಾರು. ಬಿ12, ಬಿ1, ಇ ಜೀವಸತ್ವಗಳ ಕೊರತೆಯಿಂದ ಬರಬಹುದು. ಥೈರಾಯ್ಡಿನಿಂದ ಬರಬಹುದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆ ಮೈಯಲ್ಲಿ ಜಾಸ್ತಿಯಾದರೂ ಬರಬಹುದು. ವರ್ಷಗಟ್ಟಲೆ ಕುಡಿದವರಿಗೆ ಬರುತ್ತದೆ. ಇವುಗಳಲ್ಲಿ ಕೆಲವನ್ನು ಬೇಗ ಹಿಡಿದರೆ ಸರಿಮಾಡಬಹುದು. ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ತೂರಾಡಿದರೆ, ವಾಂತಿ, ತಲೆಸುತ್ತು, ಮಾತು ತೊದಲು ಆದರೆ ಅದು ಸ್ಟ್ರೋಕ್ ಇರಬಹುದು. ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಡಾಕ್ಟರ್ ಮಾಡಿಸುವ ಪರೀಕ್ಷೆಗಳು ನೋಡಲು ಸುಲಭ. ಅವರ ಬೆರಳು ಮುಟ್ಟಿ ನಿಮ್ಮ ಮೂಗು ಮುಟ್ಟಬೇಕು. ಅಂಗೈಯನ್ನು ಬೇಗ ಬೇಗ ಮಗುಚಬೇಕು. ಮಲಗಿ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನ ಮೊಣಕಾಲಿಂದ ಕೆಳಕ್ಕೆ ನೇರ ಎಳೆಯಬೇಕು. ಹೀಗೆ 8 ಪರೀಕ್ಷೆ ಸೇರಿಸಿ 40 ಅಂಕದ ಒಂದು ಪಟ್ಟಿ ಇದೆ, ಸಾರಾ ಅನ್ನುತ್ತಾರೆ. ಇಲ್ಲಿ ಅಂಕ ಕಡಿಮೆ ಇದ್ದರೆ ಒಳ್ಳೆಯದು. ವಾಕರ್ ಕೊಂಡ ಮೇಲೆ ಆ ಅಂಕ ಇಳಿಯಿತಾ ಅಂತ ಒಬ್ಬರು ಕೇಳಿದರು. ಇಳಿಯುವುದಿಲ್ಲ. ವಾಕರ್ ಬೀಳುವುದನ್ನು ಕಡಿಮೆ ಮಾಡುತ್ತದೆ, ಕಾಯಿಲೆಯನ್ನಲ್ಲ. ಅಂಕದಲ್ಲಿ ಸ್ವಲ್ಪ ಬದಲಾವಣೆ ತರುವುದು ವ್ಯಾಯಾಮ. ಕಿರುಮೆದುಳು ಸವೆಯುತ್ತಿರುವವರಿಗೂ ನಾಲ್ಕು ವಾರ ಬಿಡದೆ ಸಮತೋಲನದ ತರಬೇತಿ ಕೊಟ್ಟರೆ ಗುಣ ಕಾಣುತ್ತದೆ ಅಂತ 2009ರಲ್ಲೇ ಜರ್ಮನಿಯವರು ತೋರಿಸಿದ್ದಾರಂತೆ. ಮನೆಯಲ್ಲಿ ಮುಂದುವರಿಸಿದರೆ ಮಾತ್ರ ಅದು ನಿಲ್ಲುತ್ತದೆ. ಅಕ್ಕ ಬೆಳಿಗ್ಗೆ ಮಂಚದ ಪಕ್ಕದಲ್ಲೇ ಮಾಡುತ್ತಾಳೆ.

ಎಸ್‌ಸಿಎ 2 ಅನ್ನು ನಿಲ್ಲಿಸುವ ಮದ್ದು ಇನ್ನೂ ಬಂದಿಲ್ಲ. ಫ್ರೀಡ್ರೈಶ್ ಅಟಾಕ್ಸಿಯಾ ಅಂತ, ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ ಶುರುವಾಗುವ ಇನ್ನೊಂದು ಬಗೆ ಇದೆ. ಅದಕ್ಕೆ 2023ರಲ್ಲಿ ಅಮೆರಿಕದಲ್ಲಿ ಓಮಾವೆಲೊಕ್ಸೊಲೋನ್ ಅನ್ನುವ ಔಷಧಿಗೆ ಒಪ್ಪಿಗೆ ಸಿಕ್ಕಿದೆ. ಅದು ಅಕ್ಕನ ಕಾಯಿಲೆಯದ್ದಲ್ಲ. ನರ ಸರಿಮಾಡುವ ಎಣ್ಣೆ, ಪುಡಿ ಅಂತ ಮೊಬೈಲಿನಲ್ಲಿ ಬರುವುದಕ್ಕೆ ದುಡ್ಡು ಸುರಿಯಬೇಡಿ. ಆ ದುಡ್ಡಿಗೆ ಫಿಸಿಯೋ ಬರುತ್ತದೆ.

ಎಸ್‌ಸಿಎ ಮನೆತನದಲ್ಲಿ ಇಳಿದು ಬರುವಂಥದ್ದು. 40ಕ್ಕೂ ಹೆಚ್ಚು ಬಗೆಗಳಿವೆ. 2ನೇ ಬಗೆಯಲ್ಲಿ ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನಮ್ಮ ಅಮ್ಮನಿಗೂ ಇತ್ತು. ಆಗ ಊರಲ್ಲಿ ವಾತ ಅಂದರು, ಗೋಡೆ ಹಿಡಿದುಕೊಂಡೇ ಅಮ್ಮ ಕಾಲ ಕಳೆದಳು. ಅಂದರೆ ನನಗೂ, ಅಕ್ಕನ ಮಗಳಿಗೂ ಇದೇ ಲೆಕ್ಕ ಬರುತ್ತದೆ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಆದರೆ ಅದಕ್ಕೆ ಮುಂಚೆ ಕೌನ್ಸೆಲಿಂಗ್ ಮಾಡುತ್ತಾರೆ, ತಿಳಿದುಕೊಳ್ಳಬೇಕೋ ಬೇಡವೋ ಅನ್ನುವುದು ನಮ್ಮ ಇಷ್ಟ. ನಾನು ಕೌನ್ಸೆಲಿಂಗಿಗೆ ಹೋಗುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ. ಮಗಳು ಓದು ಮುಗಿಸಲಿ, ಅವಳ ತೀರ್ಮಾನ ಅವಳದು.

ಉಳಿದ ಸಾಮಾನುಗಳ ಬಗ್ಗೆ ಎರಡೇ ಮಾತು. ಹಿಡಿ ದಪ್ಪ ಇರುವ ಭಾರದ ಚಮಚ ಒಳ್ಳೆಯದು, ಅಂಚು ಎತ್ತರ ಇರುವ ಸ್ಟೀಲ್ ತಟ್ಟೆ ಅದಕ್ಕಿಂತ ಒಳ್ಳೆಯದು. ಕೈಗೆ ಕಟ್ಟುವ ಮರಳಿನ ಪಟ್ಟಿ ಊಟದ ಹೊತ್ತಿಗೆ ಸಾಕು, ದಿನವಿಡೀ ಕಟ್ಟಬೇಡಿ, ಬಿಚ್ಚಿದ ಮೇಲೆ ಅಲುಗಾಟ ಜಾಸ್ತಿಯಾಗುತ್ತದೆ. ನೀರು ಕುಡಿಯುವಾಗ ಕೆಮ್ಮು ಬಂದರೆ ಅದನ್ನು ಡಾಕ್ಟರಿಗೆ ಹೇಳಿ, ನುಂಗುವುದೂ ಕಿರುಮೆದುಳಿನ ಲೆಕ್ಕದಲ್ಲೇ ಇದೆ. ಅಕ್ಕನಿಗೆ ನೀರಿಗಿಂತ ಗಂಜಿ ಸುಲಭ.

ಆನ್‌ಲೈನಿನಲ್ಲಿ 1,000 ರೂಪಾಯಿ ಕಡಿಮೆಗೆ ಸಿಗುತ್ತದೆ, ನಿಜ. ಆದರೂ ಅಂಗಡಿಯಲ್ಲೇ ಕೊಳ್ಳಿ, ಅದರಲ್ಲೂ ನಡೆದು ನೋಡಲು ಬಿಡುವ ಅಂಗಡಿಯಲ್ಲಿ. ನಾವು ಹೋದ ಒಂದು ಕಡೆ ಪೆಟ್ಟಿಗೆ ಬಿಚ್ಚುವುದಿಲ್ಲ ಅಂದರು. ಇನ್ನೊಂದು ಕಡೆ ಹುಡುಗ ತಾನೇ ಜೋಡಿಸಿ, ಅಂಗಡಿಯ ಓಣಿಯಲ್ಲಿ ಅಕ್ಕನನ್ನು ನಡೆಸಿದ. ತಿರುಗುವಾಗ ಪಕ್ಕದಲ್ಲಿ ಕೈ ಅಡ್ಡ ಹಿಡಿದು ನಿಂತ. ಅಲ್ಲೇ ಕೊಂಡೆವು. ಹೋಗುವಾಗ ಮನೆಯ ಎಲ್ಲ ಬಾಗಿಲಿನ ಅಗಲ ಬರೆದುಕೊಂಡು ಹೋಗಿ. ಮಡಚಿದಾಗ ಆಟೋದಲ್ಲಿ ಹಿಡಿಯುತ್ತದಾ ಕೇಳಿ. ಇದು ಹಿಡಿಯುತ್ತದೆ, ಆದರೆ ಮರಳಿನ ಚೀಲ ಬಿಚ್ಚಬೇಕು. ಬಸ್ಸಿಗೆ ಹತ್ತಿಸುವುದು ಇಬ್ಬರ ಕೆಲಸ.

ಎಲ್ಲರಿಗೂ ಇದು ಆಗುವುದಿಲ್ಲ. ಎರಡೂ ಕೈಯಲ್ಲಿ ಲಿವರ್ ಹಿಂಡಲು ಆಗದವರಿಗೆ ಬೇಡ. ಹಿಂದಕ್ಕೆ ಬೀಳುವವರಿಗಂತೂ ಬೇಡ, ವಾಕರ್ ಅವರ ಮೇಲೇ ಮಗುಚುತ್ತದೆ. ನಿಂತಾಗಲೇ ಇಬ್ಬರು ಹಿಡಿಯಬೇಕಾದವರಿಗೆ ಗಾಲಿಕುರ್ಚಿಯೇ ಸರಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹಾಸನದ ಸುತ್ತಮುತ್ತ ಇರುವವರು ಈ ಥರದ ವಾಕರ್ ಬ್ರೇಕ್ ಬಿಗಿ ಮಾಡಿಸಬೇಕಾದರೆ ನಿಮ್ಮ ಬೀದಿಯ ಸೈಕಲ್ ಅಂಗಡಿಗೇ ತೆಗೆದುಕೊಂಡು ಹೋಗಿ. 10 ನಂಬರ್ ಸ್ಪ್ಯಾನರ್ ಇದ್ದರೆ ಸಾಕು, ಐದು ನಿಮಿಷದ ಕೆಲಸ. ಎರಡೂ ಕಡೆ ಸಮ ಇರಲಿ, ಸಣ್ಣಗೆ ಉಜ್ಜುತ್ತಿರಲಿ ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ನಮ್ಮವರು ರೂಢಿಯಂತೆ ಚಕ್ರ ಸಲೀಸಾಗಿ ತಿರುಗುವ ಹಾಗೆ ಮಾಡಿ ಕೊಟ್ಟುಬಿಡುತ್ತಾರೆ.